ಎರಡು ಡಬ್ಬಿ, ಯಜಮಾನ ಯಾವುದು?

ಓದುಗರ ಪ್ರಶ್ನೆ: ನಾವು ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿದ್ದೇವೆ. ಮೂರನೇ ಮಹಡಿ, 2 ಬಿಎಚ್‌ಕೆ. ಫೈಬರ್ ಇಂಟರ್ನೆಟ್, 300 ಎಂಬಿಪಿಎಸ್ ಪ್ಲಾನ್. ಕಂಪನಿಯವರು ಕೊಟ್ಟ ಮೊಡೆಮ್ ಹೊರಬಾಗಿಲ ಪಕ್ಕ ಚಪ್ಪಲಿ ಕಪಾಟಿನ ಮೇಲಿದೆ, ಲ್ಯಾಂಡ್‌ಲೈನ್ ಫೋನೂ ಅದಕ್ಕೇ ಸಿಕ್ಕಿಸಿದೆ. ಒಳಗಿನ ಬೆಡ್‌ರೂಮಿಗೆ ವೈಫೈ ಮುಟ್ಟುತ್ತಿರಲಿಲ್ಲ. ಹೊಸ ರೂಟರ್ ತಂದು, ಮೊಡೆಮ್‌ನಿಂದ 12 ಮೀಟರ್‌ನಷ್ಟು ವೈರ್ ಎಳೆಸಿ ಒಳಗೆ ಇಟ್ಟೆವು. ಈಗ ಎರಡು ವೈಫೈ ಹೆಸರು ಬರುತ್ತಿವೆ. ಹಾಲ್‌ನಲ್ಲಿರುವ ಪ್ರಿಂಟರ್ ಒಳಗಿನ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ಹೊಸ ರೂಟರ್‌ನಲ್ಲಿ ಯಾವಾಗ ನೋಡಿದರೂ ಸ್ಪೀಡ್ 93–94, ಅದರ ಮೇಲೆ ಹೋಗುವುದೇ ಇಲ್ಲ. ಮಗನ ಆಫೀಸ್ ಮೀಟಿಂಗ್ ನಡುವೆ ಕಡಿಯುತ್ತದೆ. ಊರಿಗೆ ಹೋದಾಗ ಇಲ್ಲಿನ ಕ್ಯಾಮೆರಾ ನೋಡೋಣವೆಂದು ಸೆಟ್ಟಿಂಗಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದೆ, ಕೆಲಸ ಮಾಡಲಿಲ್ಲ. ಕೇಬಲ್‌ನವರು ‘ಎರಡು ಡಬ್ಬಿ ಹಾಕಿದರೆ ಸ್ಪೀಡ್ ಅರ್ಧ ಆಗುತ್ತದೆ’ ಎನ್ನುತ್ತಾರೆ. ಅಂಗಡಿಯವರು ‘ಮೊಡೆಮ್ ತೆಗೆದುಬಿಡಿ, ಲೈನನ್ನು ನೇರ ರೂಟರಿಗೆ ಕೊಡಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ಬರೆದ ತೊಂದರೆಗಳು ಐದು. ಆದರೆ ಐದಕ್ಕೂ ಬೇರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 94ರಲ್ಲಿ ನಿಂತ ಸ್ಪೀಡಿಗೆ ಕಾರಣ ವೈರ್ ಅಥವಾ ಪೋರ್ಟ್. ಪ್ರಿಂಟರ್ ಸಿಗದಿರುವುದಕ್ಕೆ ಕಾರಣ ಒಂದೇ ಮನೆಯಲ್ಲಿ ಎರಡು ರೂಟರ್ ಯಜಮಾನಿಕೆ ಮಾಡುತ್ತಿರುವುದು. ಕ್ಯಾಮೆರಾ ಕೈಕೊಟ್ಟದ್ದಕ್ಕೂ ಅದೇ ಕಾರಣ, ಬಹುಶಃ ಅದರ ಮೇಲೆ ಇನ್ನೊಂದು ಸೇರಿದೆ. ಮೀಟಿಂಗ್ ಕಡಿಯುವುದನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಬೇಕು. ಹೊಸ ರೂಟರ್ ತಂದದ್ದು ತಪ್ಪಲ್ಲ, ಅದರ ಪೋರ್ಟೇ 100ರದ್ದಾಗಿರದಿದ್ದರೆ ಹಿಂದಿರುಗಿಸುವ ಅಗತ್ಯವೂ ಇಲ್ಲ. ಜೋಡಣೆ ಮಾತ್ರ ಬದಲಾಗಬೇಕು.

ನಿಮಗೆ ಸಿಕ್ಕ ಎರಡು ಸಲಹೆಗಳನ್ನು ಮೊದಲು ನೋಡೋಣ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡೂ ನಿಮ್ಮ ಮನೆಗೆ ಹೊಂದುವುದಿಲ್ಲ.

ಮುಂಬೈ, ಪುಣೆಗಳಲ್ಲಿ ಮನೆಗೆ ಇಂಟರ್ನೆಟ್ ಬರುವುದು ಸಾಮಾನ್ಯವಾಗಿ ಎರಡು ರೀತಿಯಲ್ಲಿ. ಹಳೆಯ ಪದ್ಧತಿಯಲ್ಲಿ ಫೈಬರ್ ಕಟ್ಟಡದ ತನಕ ಬಂದು, ಟೆರೇಸಿನಲ್ಲೋ ಮೆಟ್ಟಿಲ ಬಳಿಯೋ ಇರುವ ಸ್ವಿಚ್ಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮನೆಮನೆಗೆ ಎಂಟು ತಂತಿಯ ತಾಮ್ರದ ಲ್ಯಾನ್ ಕೇಬಲ್ ಇಳಿಯುತ್ತದೆ. ಅಂಥ ಮನೆಯಲ್ಲಿ ಮೊಡೆಮ್ ಬೇಕೇ ಇಲ್ಲ. ಆ ಕೇಬಲನ್ನು ನೇರ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಲೈನ್ ಬರುವ ತೂತಿಗೆ) ಸಿಕ್ಕಿಸಿದರೆ ಆಯಿತು. ಅಂಗಡಿಯವರು ಹೇಳಿದ್ದು ಆ ಮನೆಗಳಿಗೆ ಸರಿ. ನಿಮ್ಮದು ಹೊಸ ಪದ್ಧತಿ: ಗಾಜಿನ ಎಳೆಯೇ ಬಾಗಿಲ ತನಕ ಬಂದಿದೆ. ಬೆಳಕಿನಲ್ಲಿ ಬರುವ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ ಇಲ್ಲಿ ಬೇಕೇ ಬೇಕು. ಅದಕ್ಕೆ ಒಎನ್‌ಟಿ ಎಂದು ಹೆಸರು. ನಾವೆಲ್ಲ ಬಾಯಿಮಾತಿಗೆ ಮೊಡೆಮ್ ಎನ್ನುತ್ತೇವೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅದರ ಸೀರಿಯಲ್ ನಂಬರ್ ಕಂಪನಿಯ ಕಡೆ ನೋಂದಣಿಯಾಗಿರುತ್ತದೆ. ಹಾಗಾಗಿ ಅದನ್ನು ತೆಗೆದು ಬೇರೊಂದನ್ನು ಇಟ್ಟರೆ ಲೈನ್ ಏಳುವುದಿಲ್ಲ. ಮನೆಯ ಸಾಧಾರಣ ರೂಟರಿನಲ್ಲಿ ಫೈಬರ್ ಸಿಕ್ಕಿಸುವ ತೂತೂ ಇರುವುದಿಲ್ಲ.

ಗೊಂದಲ ಹುಟ್ಟುವುದು ಇನ್ನೊಂದು ಕಡೆ. ಕಂಪನಿ ಕೊಟ್ಟ ಆ ಒಂದು ಡಬ್ಬಿಯೊಳಗೆ ಮೂರು ಕೆಲಸಗಳು ಸೇರಿಕೊಂಡಿವೆ: ಬೆಳಕನ್ನು ಬದಲಿಸುವ ಮೊಡೆಮ್, ಮನೆಯ ಸಾಧನಗಳಿಗೆ ವಿಳಾಸ ಹಂಚಿ ದಾರಿ ತೋರುವ ರೂಟರ್, ಜೊತೆಗೆ ವೈಫೈ. ನೀವು ‘ಮೊಡೆಮ್ ಇದೆ, ರೂಟರ್ ತರಬೇಕು’ ಎಂದುಕೊಂಡಿರಿ. ರೂಟರ್ ಆಗಲೇ ಮನೆಯಲ್ಲಿತ್ತು. ನೀವು ತಂದದ್ದು ಎರಡನೆಯದು.

ಎರಡು ರೂಟರ್ ಇದ್ದ ಮಾತ್ರಕ್ಕೆ ಸ್ಪೀಡ್ ಅರ್ಧವಾಗುವುದಿಲ್ಲ. ಇನ್ನೊಂದು ರೂಟರ್ ದಾಟಲು ಹಿಡಿಯುವ ಸಮಯ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ‘ಅರ್ಧ’ ಎಂಬ ಮಾತು ಬಂದಿರುವುದು ವೈರಿಲ್ಲದ ರಿಪೀಟರ್‌ಗಳಿಂದ. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಕೂಗಬೇಕಾದ ರಿಪೀಟರಿನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುವುದು ನಿಜ. ನೀವು ವೈರ್ ಎಳೆಸಿದ್ದೀರಿ, ಅದೇ ಸರಿಯಾದ ದಾರಿ.

94 ಎಂಬ ಅಂಕಿ ಹೇಳುವ ಕತೆ

300ರ ಪ್ಲಾನಿನಲ್ಲಿ ಒಮ್ಮೆ 180, ಒಮ್ಮೆ 120, ಒಮ್ಮೆ 240 ಬಂದರೆ ವೈಫೈ ಅಥವಾ ಕಂಪನಿಯ ಲೈನಿನ ಮೇಲೆ ಸಂಶಯಪಡಬೇಕು. ಬೆಳಗ್ಗೆ, ರಾತ್ರಿ, ಎಲ್ಲಿ ನಿಂತರೂ 93–94ರಲ್ಲೇ ಗೋಡೆಗೆ ಬಡಿದಂತೆ ನಿಂತರೆ, ನಡುವೆ ಎಲ್ಲೋ ಒಂದು ಕಡೆ ಲಿಂಕ್ 100 ಎಂಬಿಪಿಎಸ್‌ಗೆ ಕೂಡಿಕೊಂಡಿದೆ ಎಂದೇ ಅರ್ಥ. 100ರ ಲಿಂಕಿನಲ್ಲಿ ಪ್ರತಿ ಪ್ಯಾಕೆಟ್ಟಿನ ವಿಳಾಸ, ನಡುವಿನ ಬಿಡುವು ಎಲ್ಲ ಕಳೆದು ನಿಮ್ಮ ಕೈಗೆ ಸಿಗುವುದು 94ರ ಸುಮಾರು. ಗಿಗಾಬಿಟ್ (1000 ಎಂಬಿಪಿಎಸ್) ಲಿಂಕಾದರೆ ಅದೇ ಲೆಕ್ಕದಲ್ಲಿ 940 ತನಕ ಹೋಗಬಹುದು.

ಸಂಶಯಪಡಬೇಕಾದದ್ದು ಮೂರು: ಮೊಡೆಮ್‌ನ ಪೋರ್ಟ್, ರೂಟರಿನ ಪೋರ್ಟ್, ನಡುವಿನ 12 ಮೀಟರ್ ವೈರ್. ಬೇರ್ಪಡಿಸಲು ಹತ್ತು ನಿಮಿಷ ಸಾಕು. ರೂಟರನ್ನು ಒಳಗಿನಿಂದ ತಂದು ಮೊಡೆಮ್ ಪಕ್ಕ ಇಡಿ. ರೂಟರಿನ ಪೆಟ್ಟಿಗೆಯಲ್ಲಿ ಬಂದ ಗಿಡ್ಡ ವೈರಿನಿಂದ ಎರಡನ್ನೂ ಜೋಡಿಸಿ. ಲ್ಯಾಪ್‌ಟಾಪನ್ನು ಎರಡು ಮೀಟರ್ ದೂರದಲ್ಲಿಟ್ಟು 5 ಗಿಗಾಹರ್ಟ್ಸ್ ವೈಫೈನಲ್ಲಿ ಸ್ಪೀಡ್ ನೋಡಿ. 250 ದಾಟಿತೋ, ತಪ್ಪು ಉದ್ದ ವೈರಿನದು. ಇನ್ನೂ 94 ಇದ್ದರೆ ಮೊಡೆಮ್‌ನ ಬೇರೆ ಪೋರ್ಟಿಗೆ ಹಾಕಿ. ಕೆಲವು ಮೊಡೆಮ್‌ಗಳಲ್ಲಿ ನಾಲ್ಕು ಪೋರ್ಟ್ ಕಂಡರೂ ಗಿಗಾಬಿಟ್ ಒಂದೇ ಇರುತ್ತದೆ. ಹೆಚ್ಚಾಗಿ ಅದು ಲ್ಯಾನ್ 1, ಪಕ್ಕದಲ್ಲಿ ‘ಜಿಇ’ ಎಂಬ ಗುರುತೂ ಇರಬಹುದು. ಆಗಲೂ 94 ಆದರೆ ರೂಟರಿನ ಪೆಟ್ಟಿಗೆ ಓದಿ. ಮುಂದುಗಡೆ ದೊಡ್ಡಕ್ಷರದಲ್ಲಿ 1200 ಎಂದು ಬರೆದ ಹಲವು ಅಗ್ಗದ ರೂಟರ್‌ಗಳಲ್ಲಿ ವೈರಿನ ಪೋರ್ಟ್‌ಗಳು ಬರೀ 10/100 (ಗರಿಷ್ಠ 100 ಎಂಬಿಪಿಎಸ್) ಇರುತ್ತವೆ. ಆ 1200 ಎರಡೂ ವೈಫೈ ಬ್ಯಾಂಡುಗಳ ಲೆಕ್ಕದ ಮೊತ್ತ, ವೈರಿಗೂ ಅದಕ್ಕೂ ಸಂಬಂಧವಿಲ್ಲ. 100ಕ್ಕಿಂತ ಮೇಲಿನ ಪ್ಲಾನ್ ಇರುವವರು 10/100/1000 ಎಂದು ಬರೆದದ್ದನ್ನೇ ಕೊಳ್ಳಬೇಕು. ನಿಮ್ಮದು ಹಾಗಿಲ್ಲದಿದ್ದರೆ, ರೂಟರ್ ಬದಲಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಇಂಥ ದೂರುಗಳಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಉದ್ದ ವೈರು. ಲ್ಯಾನ್ ಕೇಬಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು: 1, 2, 3, 6ನೇ ಪಿನ್ನುಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕಚ್ಚಿಕೊಳ್ಳದಿದ್ದರೂ ಸಾಧನಗಳು ಯಾವ ದೂರೂ ಹೇಳದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ನೋಡಿದವರಿಗೆ ‘ನೆಟ್ ಬರುತ್ತಿದೆಯಲ್ಲ’ ಅನ್ನಿಸುತ್ತದೆ.

ಇನ್ನೊಂದು ದೋಷ ವೈರಿನ ಲೋಹದ್ದು. ಅಗ್ಗದ ವೈರ್ ಹಲವು ಸಲ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಹೊಸದರಲ್ಲಿ ಗಿಗಾಬಿಟ್ ಕೊಡಲೂಬಹುದು, ಆದರೆ ಮಡಚಿದರೆ ಬೇಗ ಮುರಿಯಬಹುದು. ಕೊಂಕಣ ತೀರದ ಮಳೆಗಾಲದ ತೇವದಲ್ಲಿ ಕ್ರಿಂಪ್ ಮಾಡಿದ (ಕನೆಕ್ಟರ್ ಒತ್ತಿ ಕೂರಿಸಿದ) ತುದಿ ಬೇಗ ಕಿಲುಬು ಹಿಡಿಯುತ್ತದೆ. ಜೂನ್–ಜುಲೈನಲ್ಲಿ ‘ನಿನ್ನೆ ತನಕ ಸರಿ ಇತ್ತು’ ಎಂಬ ದೂರಿನ ಹಿಂದೆ ಇದಿರುವುದುಂಟು.

ನಿಮ್ಮ 12 ಮೀಟರ್ ದಾರಿಗೆ 15 ಮೀಟರಿನ ಶುದ್ಧ ತಾಮ್ರದ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಕೊಳ್ಳಿ. ಕ್ಯಾಟ್ 5ಇ ಕೂಡ 100 ಮೀಟರ್ ತನಕ ಗಿಗಾಬಿಟ್ ಸಾಗಿಸುತ್ತದೆ. ಕ್ಯಾಟ್ 8 ಎಂದು ತೋರಿಸಿ ಹೆಚ್ಚು ಕೇಳಿದರೆ ಕೊಡಬೇಡಿ, ಈ ದೂರಕ್ಕೆ ಅದರಿಂದ ಒಂದು ಕವಡೆಯ ಪ್ರಯೋಜನವಿಲ್ಲ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡ್ ತನಕ ಹೋಗುವುದಾದರೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಅಂಗಡಿಯಲ್ಲೇ ತುದಿ ಕೆರೆಸಿ ನೋಡಿ. ಕೇಸಿಂಗ್ ಪಟ್ಟಿ ಅಗಲವಿದ್ದರೆ ಕಾರ್ಖಾನೆಯಲ್ಲೇ ಕನೆಕ್ಟರ್ ಕೂರಿಸಿದ ವೈರ್ ಒಳ್ಳೆಯದು. ಗೋಡೆಯ ತೂತು ಚಿಕ್ಕದಾಗಿ ಕ್ರಿಂಪ್ ಮಾಡಿಸಲೇಬೇಕಾದರೆ ಎರಡೂ ತುದಿಗೆ ಒಂದೇ ಕ್ರಮ ಹಿಡಿಯಲಿ. ಕನೆಕ್ಟರಿನ ಕೊಂಡಿ ಹಿಂದೆ, ಚಿನ್ನದ ಪಿನ್ನು ನಿಮ್ಮ ಕಡೆ, ತುದಿ ಮೇಲಕ್ಕಿದ್ದಾಗ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಂತಿಗಳ ಹುರಿ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು, ಹೊರಗಿನ ಸಿಪ್ಪೆ ಕನೆಕ್ಟರಿನ ಒಳಗೆ ಕಚ್ಚಿಕೊಂಡಿರಬೇಕು. ಎಂಟು ದೀಪದ ಟೆಸ್ಟರ್ ಹಾಕಿ ತೋರಿಸಲು ಹೇಳಿ. ಆದರೆ ಆ ಟೆಸ್ಟರ್ ತಂತಿ ಮುರಿದಿಲ್ಲ ಎಂದಷ್ಟೇ ಹೇಳುತ್ತದೆ, ಜೋಡಿ ತಪ್ಪಿ ಹುರಿ ಹೊಂದದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಕೊನೆಯ ಸಾಕ್ಷಿ ಲಿಂಕ್ ಸ್ಪೀಡ್: ಲ್ಯಾಪ್‌ಟಾಪಿಗೆ ಗಿಗಾಬಿಟ್ ಲ್ಯಾನ್ ಪೋರ್ಟ್ ಇದ್ದರೆ ಆ ವೈರನ್ನು ಸಿಕ್ಕಿಸಿ, ನೆಟ್‌ವರ್ಕ್ ವಿವರದಲ್ಲಿ 1000 ಎಂದು ಬರಬೇಕು.

ಒಂದು ಮಾತು ದಯವಿಟ್ಟು ಗಮನಿಸಿ. ಗೋಡೆಯೊಳಗಿನ 230 ವೋಲ್ಟ್ ಪೈಪಿನಲ್ಲೇ ಈ ವೈರನ್ನೂ ತೂರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇನ್ಸುಲೇಶನ್ ಎಲ್ಲಾದರೂ ಕೊರೆದರೆ ಕರೆಂಟ್ ರೂಟರಿನ ಮೈಗೆ ಬರುತ್ತದೆ. ಬೇರೆ ಪಟ್ಟಿ ಹಾಕಿಸಿ. ಕರೆಂಟಿನ ವೈರನ್ನು ದಾಟಲೇಬೇಕಾದ ಕಡೆ ಅಡ್ಡಲಾಗಿ, ನೇರ ಕೋನದಲ್ಲಿ ದಾಟಿಸಿ.

ಎರಡು ವಾಚ್‌ಮನ್‌ಗಳ ಸಮಸ್ಯೆ

ಸೊಸೈಟಿಯ ಗೇಟಿನಲ್ಲಿ ಒಬ್ಬ ವಾಚ್‌ಮನ್, ನಿಮ್ಮ ವಿಂಗ್‌ನ ಬಾಗಿಲಲ್ಲಿ ಇನ್ನೊಬ್ಬ ಇದ್ದಾನೆಂದುಕೊಳ್ಳಿ. ಒಳಗಿನವರು ಹೊರಗೆ ಹೋಗಲು ಇಬ್ಬರೂ ಅಡ್ಡಿ ಮಾಡುವುದಿಲ್ಲ. ಹೊರಗಿನಿಂದ ಬರುವವರ ಬಗ್ಗೆ ಮಾತ್ರ ಇಬ್ಬರಿಗೂ ಹೇಳಿಟ್ಟಿರಬೇಕು. ಒಬ್ಬನಿಗಷ್ಟೇ ಹೇಳಿದರೆ ಇನ್ನೊಬ್ಬ ವಾಪಸು ಕಳಿಸುತ್ತಾನೆ. ನಿಮ್ಮ ಮನೆಯಲ್ಲಿ ಈಗ ಆಗಿರುವುದು ಇದು, ಇದನ್ನು ಡಬಲ್ ನ್ಯಾಟ್ ಎನ್ನುತ್ತಾರೆ. ಯೂಟ್ಯೂಬ್, ಬ್ಯಾಂಕ್, ವಾಟ್ಸ್ಆ್ಯಪ್ ಎಲ್ಲ ಒಳಗಿನಿಂದ ಹೊರಡುವ ಮಾತುಕತೆ, ಅದಕ್ಕೇ ಅವು ಚೆನ್ನಾಗಿಯೇ ನಡೆಯುತ್ತವೆ. ಕ್ಯಾಮೆರಾಕ್ಕೆ ನೀವು ತೆರೆದ ಪೋರ್ಟ್ ಒಂದು ಡಬ್ಬಿಯಲ್ಲಿ ಮಾತ್ರ.

ಪ್ರಿಂಟರಿನದು ಸ್ವಲ್ಪ ಬೇರೆ. ಅದು ಹಾಲ್‌ನಲ್ಲಿ ಕಂಪನಿಯ ಡಬ್ಬಿಯ ವೈಫೈನಲ್ಲಿದೆ, ಲ್ಯಾಪ್‌ಟಾಪ್ ಹೊಸ ರೂಟರಿನ ಒಳಗಿದೆ. ‘ಪ್ರಿಂಟರ್ ಇದೆಯಾ?’ ಎಂದು ಲ್ಯಾಪ್‌ಟಾಪ್ ಕೂಗುವ ಕೂಗು ತನ್ನ ರೂಟರನ್ನು ದಾಟಿ ಹೋಗುವುದಿಲ್ಲ. ಪ್ರಿಂಟರಿನ ಐಪಿ ವಿಳಾಸವನ್ನೇ ಟೈಪ್ ಮಾಡಿ ಸೇರಿಸಿದರೆ ಇಂದೇ ಪ್ರಿಂಟ್ ಬರಬಹುದು. ತುರ್ತಿದ್ದರೆ ಹಾಗೆ ಮಾಡಿ, ಪೂರ್ತಿ ಪರಿಹಾರ ಮಾತ್ರ ಅದಲ್ಲ.

ಪರಿಹಾರವೆಂದರೆ ವಿಳಾಸ ಹಂಚುವ ಅಧಿಕಾರವನ್ನು ಒಂದೇ ಡಬ್ಬಿಗೆ ಕೊಡುವುದು. ಯಾವುದಕ್ಕೆ ಎಂಬುದನ್ನು ನೀವು ಆರಿಸಬೇಕು.

ನಿಮ್ಮ ಮನೆಗೆ ನನ್ನ ಸಲಹೆ, ಕಂಪನಿಯ ಡಬ್ಬಿಯೇ ಯಜಮಾನನಾಗಿರಲಿ, ಹೊಸದು ಬರೀ ಆಕ್ಸೆಸ್ ಪಾಯಿಂಟ್ ಆಗಲಿ. ಎಂದರೆ ಅದು ವೈಫೈ ಮಾತ್ರ ಹಂಚಲಿ. ನಿಮ್ಮಲ್ಲಿ ಲ್ಯಾಂಡ್‌ಲೈನ್ ಇದೆ. ಮೊಡೆಮ್ ಬಾಗಿಲಲ್ಲೇ ಇದ್ದು ಹಾಲ್‌ಗೆ ಅದರ ವೈಫೈ ಬೇಕು. ಏನಾದರೂ ಕೆಟ್ಟರೆ ಕಂಪನಿಯವರು ದೂರದಿಂದಲೇ ನೋಡಬಲ್ಲರು. ಲಾಭ ಇಷ್ಟು. ನಷ್ಟವೆಂದರೆ ಮಕ್ಕಳ ಸಮಯ ನಿಯಂತ್ರಣದಂಥ ಹೊಸ ರೂಟರಿನ ಕೆಲವು ಸೌಲಭ್ಯಗಳು ಈ ಮೋಡ್‌ನಲ್ಲಿ ನಿಲ್ಲುತ್ತವೆ. ಮುಖ್ಯ ಡಬ್ಬಿಯ ಸಾಫ್ಟ್‌ವೇರ್ ಅಪ್‌ಡೇಟ್ ಕಂಪನಿಯ ಕೈಯಲ್ಲೇ ಉಳಿಯುತ್ತದೆ.

ಮಾಡುವ ಕ್ರಮ ಹೀಗೆ. ಮೊದಲು ಲ್ಯಾಪ್‌ಟಾಪನ್ನು ಕಂಪನಿಯ ವೈಫೈಗೆ ಸೇರಿಸಿ, ನೆಟ್‌ವರ್ಕ್ ವಿವರದಲ್ಲಿ ಗೇಟ್‌ವೇ ವಿಳಾಸ (ಕಂಪನಿಯ ಡಬ್ಬಿಯದು) ಬರೆದುಕೊಳ್ಳಿ. 192.168.1.1 ಎಂದಿಟ್ಟುಕೊಳ್ಳೋಣ. ಆಮೇಲೆ ಹೊಸ ರೂಟರಿನಿಂದ ಉದ್ದ ವೈರ್ ಕಿತ್ತು, ಅದರ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ತೂತಿಗೆ) ಲ್ಯಾಪ್‌ಟಾಪ್ ಜೋಡಿಸಿ ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆಯಿರಿ. ಮೆನುವಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಆರಿಸಿ, ಉಳಿಸಿ, ವೈರನ್ನು ಮತ್ತೆ ಹಾಕಿ. ಅಲ್ಲಿಗೆ ಮುಗಿಯಿತು, ತನ್ನ ವಿಳಾಸವನ್ನೂ ಅದು ಮುಖ್ಯ ಡಬ್ಬಿಯಿಂದಲೇ ಕೇಳಿಕೊಳ್ಳುತ್ತದೆ.

ಆ ಮೋಡ್ ಇಲ್ಲದ ರೂಟರಾದರೆ ಕೈಯಿಂದ ಮಾಡಬೇಕು, ಇಲ್ಲಿ ಕ್ರಮ ತಪ್ಪಿದರೆ ರೂಟರಿನ ಪುಟವೇ ತೆರೆಯದೆ ಒದ್ದಾಡಬೇಕಾಗುತ್ತದೆ. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ ಮುಗಿಸಿ. ನಂತರ ರೂಟರಿನ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿ. ಮುಖ್ಯ ಡಬ್ಬಿಯ ಪುಟಕ್ಕೆ ಪ್ರವೇಶವಿದ್ದರೆ ಅದು ಹಂಚುವ ವಿಳಾಸಗಳು 192.168.1.10ರಿಂದ ಶುರುವಾಗುವಂತೆ ಮಾಡಿಡಿ, ಆಗ 2 ಯಾರಿಗೂ ಹೋಗುವುದಿಲ್ಲ. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಯಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಆ ಹೊತ್ತಿಗೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರು ಯಾರೂ ಇಲ್ಲದಂತಾಗುತ್ತದೆ. ಮತ್ತೆ ಒಳಹೋಗಬೇಕಾದರೆ ಲ್ಯಾಪ್‌ಟಾಪಿಗೆ 192.168.1.50 ಎಂದು ಕೈಯಿಂದ ಕೊಡಿ. ಈಗ ಉದ್ದ ವೈರನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡದೆ ಲ್ಯಾನ್‌ಗೆ ಹಾಕಿದರೆ ಎರಡೂ ಡಬ್ಬಿ ವಿಳಾಸ ಹಂಚಲು ಶುರುಮಾಡುತ್ತವೆ, ಮನೆಯ ಅರ್ಧ ಸಾಧನಗಳಿಗೆ ನೆಟ್ ಇರುತ್ತದೆ, ಇನ್ನರ್ಧಕ್ಕೆ ಇರುವುದಿಲ್ಲ. ಎರಡು ಡಬ್ಬಿಗಳ ನಡುವೆ ಎರಡು ವೈರನ್ನಂತೂ ಎಂದೂ ಹಾಕಬೇಡಿ. ಪ್ಯಾಕೆಟ್ಟುಗಳು ಸುತ್ತಲು ಶುರುವಾಗಿ ಇಡೀ ನೆಟ್‌ವರ್ಕ್ ನಿಲ್ಲುತ್ತದೆ.

ಎರಡನೆಯ ದಾರಿ ಬ್ರಿಜ್ ಮೋಡ್. ಕಂಪನಿಯ ಡಬ್ಬಿ ಬರೀ ಮೊಡೆಮ್ ಆಗಿ ಉಳಿದು, ನಿಮ್ಮ ರೂಟರೇ ಲಾಗಿನ್ ಆಗಿ ಮನೆ ನಡೆಸುತ್ತದೆ. ಒಳ್ಳೆಯ ರೂಟರ್ ಇದ್ದು, ಮನೆಯಲ್ಲಿ ಮೂವತ್ತು–ನಲವತ್ತು ಸಾಧನ ಇರುವವರಿಗೆ, ಮನೆಯಿಂದ ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ನಡೆಸುವವರಿಗೆ ಇದು ಚೆಂದ. ಕಂಪನಿ ಒಪ್ಪಿದರೆ ಮಾತ್ರ ಸಾಧ್ಯ, ಎಲ್ಲರೂ ಒಪ್ಪುವುದಿಲ್ಲ. ಕೇಳುವಾಗ ನಾಲ್ಕು ವಿಷಯ ಮೊದಲೇ ತಿಳಿದುಕೊಳ್ಳಿ: ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗುವ ಪದ್ಧತಿ) ಯೂಸರ್‌ನೇಮ್, ಪಾಸ್‌ವರ್ಡ್ ಏನು? ವಿಲ್ಯಾನ್ (ಒಂದೇ ಲೈನಿನಲ್ಲಿ ಇಂಟರ್ನೆಟ್, ಫೋನ್ ಬೇರೆಯಾಗಿಡುವ ಗುರುತು) ಸಂಖ್ಯೆಯನ್ನು ನನ್ನ ರೂಟರಿನಲ್ಲಿ ಹಾಕಬೇಕೆ, ನಿಮ್ಮ ಡಬ್ಬಿಯೇ ನೋಡಿಕೊಳ್ಳುತ್ತದೆಯೆ? ಬ್ರಿಜ್ ಯಾವ ಪೋರ್ಟಿನಲ್ಲಿ ಸಿಗುತ್ತದೆ? ಲ್ಯಾಂಡ್‌ಲೈನ್ ನಿಲ್ಲುತ್ತದೆಯೆ? ಫೋನಿನ ಧ್ವನಿ ಸಾಧಾರಣವಾಗಿ ಬೇರೆ ವಿಲ್ಯಾನಿನಲ್ಲಿ ಹೋಗುವುದರಿಂದ ಉಳಿಯಬಹುದು, ಆದರೂ ಕೇಳದೆ ಮುಂದುವರಿಯಬೇಡಿ.

ಬ್ರಿಜ್‌ನಲ್ಲಿ ಎಡವುವ ಕಡೆಗಳೂ ಗೊತ್ತಿರಲಿ. ಹಲವು ಕಂಪನಿಗಳಲ್ಲಿ ಒಂದೇ ಯೂಸರ್‌ನೇಮ್ ಏಕಕಾಲಕ್ಕೆ ಒಂದೇ ಕಡೆ ಲಾಗಿನ್ ಆಗಬಹುದು. ಹಳೆಯ ಡಬ್ಬಿಯ ಲಾಗಿನ್ ಬಿಡುಗಡೆಯಾಗಲು ಕೆಲವು ನಿಮಿಷ ಹಿಡಿದರೆ ‘ಪಾಸ್‌ವರ್ಡ್ ತಪ್ಪು’ ಎಂಬಂತೆಯೇ ಕಾಣಬಹುದು. ಕೆಲವು ಕಂಪನಿಗಳು ಮ್ಯಾಕ್ ವಿಳಾಸವನ್ನೂ (ಸಾಧನದ ಸ್ವಂತ ಗುರುತು ಸಂಖ್ಯೆ) ಕಟ್ಟಿಹಾಕಿರುತ್ತವೆ, ಹೊಸ ರೂಟರಿನದನ್ನು ನೋಂದಾಯಿಸಲು ಹೇಳಬೇಕು. ಪಿಪಿಪಿಒಇ ಪ್ರತಿ ಪ್ಯಾಕೆಟ್ಟಿನಲ್ಲಿ 8 ಬೈಟ್ ತೆಗೆದುಕೊಳ್ಳುತ್ತದೆ, ಆದ್ದರಿಂದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1500 ಅಲ್ಲ, 1492. ಇದು ತಪ್ಪಿದರೆ ಹೆಚ್ಚಿನ ಸೈಟುಗಳು ತೆರೆದು, ಆಫೀಸಿನ ವಿಪಿಎನ್ ಅಥವಾ ಒಂದೆರಡು ಸೈಟು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ. ಕಂಪನಿಯವರು ಮುಂದೆಂದೋ ದೂರದಿಂದ ಡಬ್ಬಿಯನ್ನು ರಿಸೆಟ್ ಮಾಡಿದರೆ ಅದು ಮತ್ತೆ ರೂಟರ್ ಆಗಿ ಕೂರಬಹುದು. ಕಂಪನಿಯ ಡಬ್ಬಿಯ ಹಿಂದಿನ ಸಣ್ಣ ರಿಸೆಟ್ ತೂತಿಗೆ ನೀವಂತೂ ಪಿನ್ನು ಹಾಕಲೇಬೇಡಿ. ಕೆಲವು ಮಾದರಿಗಳಲ್ಲಿ ಲಾಗಿನ್, ಫೋನ್ ಎರಡರ ಸೆಟ್ಟಿಂಗೂ ಅಳಿಸಿಹೋಗಿ ತಂತ್ರಜ್ಞರೇ ಬರಬೇಕಾಗುತ್ತದೆ.

ಮೂರನೆಯದು, ಈಗಿರುವಂತೆಯೇ ಬಿಡುವುದು. ಪ್ರಿಂಟರನ್ನೂ ಹೊಸ ರೂಟರಿನ ವೈಫೈಗೆ ಸೇರಿಸಿ, ಕ್ಯಾಮೆರಾವನ್ನು ಅದರ ಕಂಪನಿಯ ಆ್ಯಪ್‌ನಲ್ಲಿ ನೋಡುವವರಿಗೆ ಡಬಲ್ ನ್ಯಾಟ್ ಏನೂ ತೊಂದರೆ ಕೊಡುವುದಿಲ್ಲ. ಬಾಡಿಗೆ ಮನೆಯವರು ಆರೇಳು ತಿಂಗಳಿಗೆ ಇಷ್ಟು ಮಾಡಿಕೊಂಡರೂ ಸಾಕು. ಎರಡೂ ಡಬ್ಬಿಯ ಲ್ಯಾನ್ ವಿಳಾಸ ಒಂದೇ ಸಾಲಿನಲ್ಲಿರಬಾರದು, ಅಷ್ಟೆ. ಒಂದು 192.168.1.1 ಆದರೆ ಇನ್ನೊಂದು 192.168.50.1 ಇರಲಿ.

ಕ್ಯಾಮೆರಾ

ಯಜಮಾನ ಒಂದೇ ಆದ ಮೇಲೂ ಪೋರ್ಟ್ ಕೆಲಸ ಮಾಡದೆ ಇರಬಹುದು. ಯಜಮಾನ ಡಬ್ಬಿಯ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ, ಅಥವಾ 10ರಿಂದ ಶುರುವಾದರೆ, ಕಂಪನಿಯ ಕಡೆಯೇ ಇನ್ನೊಬ್ಬ ವಾಚ್‌ಮನ್ ಇದ್ದಾನೆ. ಐಪಿವಿ4 ವಿಳಾಸಗಳ ಕೊರತೆಯಿಂದ ಅನೇಕ ಮನೆಗಳಿಗೆ ಒಂದೇ ಹೊರವಿಳಾಸ ಹಂಚುವ ವ್ಯವಸ್ಥೆ ಅದು. ನೀವು ಮನೆಯಲ್ಲಿ ಏನು ತೆರೆದರೂ ಆ ಗೇಟು ತೆರೆಯುವುದಿಲ್ಲ. ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ಹೊರವಿಳಾಸ) ಕೊಳ್ಳಬಹುದು, ಇಲ್ಲವೆ ಕ್ಯಾಮೆರಾ ಕಂಪನಿಯ ಆ್ಯಪ್ ಬಳಸಬಹುದು. ಮನೆಯ ಕ್ಯಾಮೆರಾಕ್ಕೆ ಆ್ಯಪ್ ಸಾಕು ಎಂಬುದು ನನ್ನ ಅಭಿಪ್ರಾಯ. ಪೋರ್ಟ್ ತೆರೆದಿಟ್ಟು, ಡಿವಿಆರ್‌ನ (ಕ್ಯಾಮೆರಾ ರೆಕಾರ್ಡರಿನ) ಪಾಸ್‌ವರ್ಡ್ ಕಾರ್ಖಾನೆಯದ್ದೇ ಉಳಿಸಿದರೆ, ನಿಮ್ಮ ಹಾಲ್ ಯಾರ್ಯಾರ ಪರದೆಯಲ್ಲಿ ಕಾಣುತ್ತದೆಂದು ಹೇಳಲಾಗದು. ಈಗ ತೆರೆದಿರುವ ಪೋರ್ಟನ್ನು ಇವತ್ತೇ ಮುಚ್ಚಿ.

ಮೀಟಿಂಗ್ ಕಡಿಯುವುದು

ಮಗನ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ವಿಂಡೋ ಎರಡು ತೆರೆದು, ಒಂದರಿಂದ 192.168.1.1ಕ್ಕೂ ಇನ್ನೊಂದರಿಂದ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೂ ನಿಲ್ಲದೆ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ ಅಳೆಯುವ ಆದೇಶ) ಹಾಕಿಡಿ. ಮೀಟಿಂಗ್ ಕಡಿದ ಕ್ಷಣ ಎರಡನ್ನೂ ನೋಡಿ. ಮನೆಯ ಡಬ್ಬಿಯ ಪಿಂಗೇ 2–5 ಮಿಲಿಸೆಕೆಂಡಿನಿಂದ ನೂರಾರಕ್ಕೆ ಜಿಗಿದರೆ ತೊಂದರೆ ಮನೆಯ ವೈಫೈ ಅಥವಾ ಆ ಹಳೆಯ ವೈರಿನದು. ಮನೆಯದು ಶಾಂತವಾಗಿದ್ದು ಹೊರಗಿನದು ಮಾತ್ರ ತಪ್ಪಿದರೆ ಕಂಪನಿಗೆ ದೂರು ಕೊಡಿ, ಆ ಪರದೆಯ ಫೋಟೊ ಸಮೇತ.

ವೈಫೈ ಆಗಿದ್ದರೆ ಹೆಚ್ಚಾಗಿ ಎರಡು ಕಾರಣ. ಡೊಂಬಿವಲಿಯಂಥ ಕಡೆ ಒಂದು ಮನೆಯಲ್ಲಿ ನಿಂತು ಹುಡುಕಿದರೆ ಅಕ್ಕಪಕ್ಕದ ಇಪ್ಪತ್ತು–ಮೂವತ್ತು ವೈಫೈ ಕಾಣುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಒಂದು ಡಬ್ಬಿಗೆ 1, ಇನ್ನೊಂದಕ್ಕೆ 11 ಕೊಡಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಮಗನ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲೇ ಇರಬೇಕು. ಅಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149 ಹಾಕಿದರೆ ಪರಸ್ಪರ ತಗಲುವುದಿಲ್ಲ. 52ರಿಂದ 144ರ ತನಕದ ಚಾನೆಲ್‌ಗಳಲ್ಲಿ ರೂಟರ್ ರಾಡಾರಿಗೆ ದಾರಿ ಬಿಡಬೇಕು, ಸಂಕೇತ ಕೇಳಿತೆಂದರೆ ಚಾನೆಲ್ ಬದಲಿಸುತ್ತದೆ, ಮೀಟಿಂಗ್ ಅಷ್ಟಕ್ಕೇ ಕಡಿಯಬಹುದು.

ಎರಡನೆಯ ಕಾರಣ, ಲ್ಯಾಪ್‌ಟಾಪ್ ಬೆಡ್‌ರೂಮಿಗೆ ಬಂದರೂ ಬಾಗಿಲ ಬಳಿಯ ಕ್ಷೀಣ ವೈಫೈಯನ್ನೇ ಹಿಡಿದುಕೊಂಡಿರುವುದು. ಆಕ್ಸೆಸ್ ಪಾಯಿಂಟ್ ಮಾಡಿದ ಮೇಲೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇಡಿ. ಕಂಪನಿಯ ಡಬ್ಬಿಯಲ್ಲಿ ಅವಕಾಶವಿದ್ದರೆ ವೈಫೈ ಪವರನ್ನು ‘ಮಧ್ಯಮ’ಕ್ಕೆ ಇಳಿಸಿ. ಕಡಿಮೆ ಮಾಡಿದರೆ ಒಳ್ಳೆಯದಾಗುವುದೇ ಎಂದು ಅನ್ನಿಸಬಹುದು. ದೂರದ ಸಂಕೇತ ಬೇಗ ಕುಗ್ಗಿದರೆ ಲ್ಯಾಪ್‌ಟಾಪ್ ಹತ್ತಿರದ್ದಕ್ಕೆ ಬೇಗ ಬದಲಾಯಿಸುತ್ತದೆ. ಆದರೂ ಬದಲಾಗುವ ಕ್ಷಣದಲ್ಲಿ ಮಾತು ಒಂದೆರಡು ಸೆಕೆಂಡ್ ತಪ್ಪಬಹುದು. ಮಗ ಒಂದೇ ಮೇಜಿನಲ್ಲಿ ಕೂರುವುದಾದರೆ ರೂಟರಿನಿಂದ ಲ್ಯಾಪ್‌ಟಾಪಿಗೆ ಎರಡು ಮೀಟರ್ ವೈರ್ ಹಾಕಿಬಿಡಿ. ಅದರಷ್ಟು ಖಚಿತವಾದದ್ದು ಬೇರೆ ಇಲ್ಲ.

ಜಾಗದ ವಿಷಯದಲ್ಲಿ ಆಂಟೆನಾಗಳ ಸಂಖ್ಯೆಗಿಂತ ಗೋಡೆ ಮುಖ್ಯ. ಪುಣೆ, ಠಾಣೆಯ ಕೆಲವು ಹೊಸ ಟವರ್‌ಗಳಲ್ಲಿ ಒಳಗೋಡೆಗಳೂ ಕಬ್ಬಿಣ ಹಾಕಿದ ಕಾಂಕ್ರೀಟು. ಗೋವಾದ ಹಳೆಯ ಮನೆಗಳಲ್ಲಿ ದಪ್ಪ ಮುರಕಲ್ಲು. ಅಂಥ ಕಡೆ ಎರಡನೆಯ ಗೋಡೆಯ ಆಚೆ 5 ಗಿಗಾಹರ್ಟ್ಸ್ ಬಹುಮಟ್ಟಿಗೆ ಸೋಲುತ್ತದೆ, ಕೋಣೆಗೊಂದು ವೈರೇ ಗತಿ. ನಿಮ್ಮ ರೂಟರ್ ಸ್ಟೀಲ್ ಕಪಾಟಿನ ಮೇಲೋ ಟಿವಿಯ ಹಿಂದೋ ಕನ್ನಡಿಯ ಪಕ್ಕವೋ ಇದ್ದರೆ ಸರಿಸಿ, ತೆರೆದ ಜಾಗದಲ್ಲಿ ಎದೆಮಟ್ಟಕ್ಕಿಂತ ಮೇಲೆ ಇಡಿ.

ಕರೆಂಟು, ಮಳೆ, ಫೈಬರ್

ಕರೆಂಟ್ ಹೋದಾಗ ಫೈಬರ್ ಇರುವವರಿಗೆ ಒಂದು ಅನುಕೂಲವಿದೆ. ಕಟ್ಟಡದಲ್ಲಿ ಬೆಳಕನ್ನು ಕವಲೊಡೆಸುವ ಸ್ಪ್ಲಿಟರಿಗೆ ವಿದ್ಯುತ್ ಬೇಡ. ನಿಮ್ಮ ಎರಡು ಡಬ್ಬಿಗೆ ಬ್ಯಾಟರಿ ಇದ್ದರೆ, ಕಂಪನಿಯ ಕೇಂದ್ರದಲ್ಲಿ ವಿದ್ಯುತ್ ಇರುವ ತನಕ ನೆಟ್ ನಡೆಯುತ್ತದೆ. ಡಬ್ಬಿಗಳಿಗೆಂದೇ ಬರುವ ಮಿನಿ ಯುಪಿಎಸ್ ಕೊಳ್ಳುವ ಮುನ್ನ ಎರಡೂ ಅಡಾಪ್ಟರ್ ಓದಿ: ಸಾಮಾನ್ಯವಾಗಿ 12 ವೋಲ್ಟ್, 1ರಿಂದ 2 ಆಂಪಿಯರ್, ಕೆಲವು 9 ವೋಲ್ಟಿನವೂ ಇವೆ. ಒಂದರ ಅಡಾಪ್ಟರ್ ಇನ್ನೊಂದಕ್ಕೆ ಹೊಂದುತ್ತದೆಂದು ಸಿಕ್ಕಿಸಬೇಡಿ. ಬ್ಯಾಟರಿಯ ಲೆಕ್ಕ ಸರಳ: 2,000 ಎಂಎಎಚ್‌ನ 4 ಸೆಲ್ ಇದ್ದರೆ 3.7 ವೋಲ್ಟಿನಂತೆ ಸುಮಾರು 30 ವ್ಯಾಟ್-ಗಂಟೆ. ಎರಡೂ ಡಬ್ಬಿ ಸೇರಿ 15 ವ್ಯಾಟ್ ಎಳೆದರೆ ಎರಡು ಗಂಟೆಗೂ ಕಡಿಮೆ. ಪೆಟ್ಟಿಗೆಯ ಮೇಲೆ ‘4 ಗಂಟೆ’ ಎಂದಿದ್ದರೆ ಅದು ಒಂದೇ ಸಣ್ಣ ರೂಟರಿನ ಲೆಕ್ಕವಿರಬಹುದು, ಕೇಳಿ.

ಟೆರೇಸಿನಿಂದ ತಾಮ್ರದ ಲ್ಯಾನ್ ಕೇಬಲ್ ಇಳಿಸಿಕೊಂಡವರು ಮಾತ್ರ ಗುಡುಗು ಶುರುವಾಗುವ ಮೊದಲೇ ಆ ವೈರನ್ನು ರೂಟರಿನಿಂದ ಕಿತ್ತಿಡಬೇಕು. ಸಿಡಿಲಿನ ಆಘಾತ ಅದರ ಮೂಲಕ ಬಂದು ವ್ಯಾನ್ ಪೋರ್ಟನ್ನು ಸುಡಬಲ್ಲದು. ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ.

ಚಪ್ಪಲಿ ಕಪಾಟಿನ ಹಿಂದೆ ಫೈಬರ್ ಬಾಗಿರುವ ಕಡೆ ಒಮ್ಮೆ ನೋಡಿ. 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ಸುರುಳಿ ಬೇಡ, ಮೊಳೆ, ಕಪಾಟಿನ ಬಾಗಿಲು ಒತ್ತಬಾರದು. ಹಸಿರು ಕನೆಕ್ಟರನ್ನು ಕಿತ್ತು ಒಳಗೆ ಕಣ್ಣಿಟ್ಟು ನೋಡಬೇಡಿ. ಅದರ ಬೆಳಕು ಕಣ್ಣಿಗೆ ಕಾಣದ್ದು. ಆ ಕನೆಕ್ಟರಿನ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೇರ ತುದಿಯ ನೀಲಿ ಕನೆಕ್ಟರಿಗೆ ಅದನ್ನು ಸೇರಿಸಬಾರದು. ಬೆರಳು ತಗಲಿದ ಧೂಳು, ಎಣ್ಣೆಯೂ ಸಾಕು ಸಂಕೇತ ಕುಗ್ಗಿಸಲು.

ಎಲ್ಲ ಜೋಡಿಸಿ ಆದ ಮೇಲೆ ಆನ್ ಮಾಡುವ ಕ್ರಮ: ಮೊದಲು ಮೊಡೆಮ್. ಫೈಬರ್ ಸಂಪರ್ಕ ತೋರಿಸುವ ಪೊನ್ ದೀಪ ಮಿನುಗುವುದು ನಿಂತು ಸ್ಥಿರವಾಗಲು ಎರಡು–ಮೂರು ನಿಮಿಷ ಕೊಡಿ, ಆಮೇಲೆ ಒಳಗಿನ ರೂಟರ್. ಲಾಸ್ ಎಂಬ ಕೆಂಪು ದೀಪ ಹತ್ತಿದರೆ ಬೆಳಕೇ ಬರುತ್ತಿಲ್ಲ. ರೂಟರನ್ನು ಎಷ್ಟು ಸಲ ಆಫ್–ಆನ್ ಮಾಡಿದರೂ ಅದು ಸರಿಯಾಗದು, ದೂರು ಕೊಡಿ. ಪೊನ್ ಸ್ಥಿರವಾಗಿದ್ದೂ ಆಗಾಗ ಕಡಿಯುತ್ತಿದ್ದರೆ ಬಂದ ತಂತ್ರಜ್ಞರಿಗೆ ಮೀಟರ್ ಹಾಕಿ ಬೆಳಕಿನ ಮಟ್ಟ ಹೇಳಲು ಕೇಳಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗಿದ್ದರೆ ಲೈನ್ ಆರೋಗ್ಯವಾಗಿದೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಎಲ್ಲೋ ಬಾಗು, ಕೊಳೆ ಅಥವಾ ಕೆಟ್ಟ ಜೋಡಣೆ ಇದೆ, ಅದನ್ನು ಸರಿಪಡಿಸುವುದು ಅವರ ಕೆಲಸ. ಆ ಅಂಕಿಯನ್ನು ತಾರೀಖಿನೊಂದಿಗೆ ಮೊಡೆಮ್ ಪಕ್ಕದ ಗೋಡೆಯ ಮೇಲೆ ಚೀಟಿ ಅಂಟಿಸಿ ಬರೆದಿಡಿ. ಮುಂದಿನ ಮಳೆಗಾಲದಲ್ಲಿ ಮತ್ತೆ ಅಳೆಸಿದಾಗ ಹೋಲಿಸಲು ಬರುತ್ತದೆ.